ಕೊನೆಯ ಸಾಲಿನ ಹೆಸರು

ಶಿರಾದಲ್ಲಿ ನಮ್ಮ ಅಬ್ಬ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಹೆಸರು ತಂದದ್ದು ಮಾತ್ರ ಅವರ ಕಂಠ. ಮೀಲಾದ್ ತಿಂಗಳು ಬಂತೆಂದರೆ ಪೈಗಂಬರರನ್ನು ಕೊಂಡಾಡುವ ನಾತ್ ಹಾಡಲು ಹುಲಿಕುಂಟೆ ಕಡೆಯಿಂದಲೂ ಕರೆ ಬರುತ್ತಿತ್ತು. "ಎಂಥಾ ಹಾಡು ಕಟ್ತೀರಿ ಸಾಹೇಬ್ರೇ" ಎಂದರೆ ಅಬ್ಬ ತಲೆ ತಗ್ಗಿಸುತ್ತಿದ್ದರು. ಜನ ಅದನ್ನು ವಿನಯ ಅಂದುಕೊಂಡಿದ್ದರು.

ಕಟ್ಟುತ್ತಿದ್ದವಳು ಅಮ್ಮ. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಾ, ಆ ಏಟಿಗೆ ಸರಿಯಾಗಿ ನಮ್ಮ ಮನೆಮಾತು ದಖನಿಯಲ್ಲಿ ಸಾಲು ಹೊಸೆಯುತ್ತಿದ್ದಳು. ಓದು ಬರಹವಿಲ್ಲ, ಎಲ್ಲಾ ಬಾಯಲ್ಲೇ. ನಾತಿನ ಕೊನೆಯ ಸಾಲಿನಲ್ಲಿ ಕಟ್ಟಿದವರ ಹೆಸರು ಬರಬೇಕು, ಅದು ಪದ್ಧತಿ. ನಾತ್ ಕೇಳಲು ಗಂಡಸರು ಸೇರುವ ಮಜ್ಲಿಸಿನಲ್ಲಿ ಹೆಂಗಸಿನ ಹೆಸರು ಎತ್ತುವುದುಂಟೆ? ಆ ಜಾಗಕ್ಕೆ ಅವಳೇ ಅಬ್ಬನ ಹೆಸರನ್ನು ಕೂರಿಸುತ್ತಿದ್ದಳು. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಅವಳು ನಕ್ಕು ಮತ್ತೆ ಹುಣಸೆಹಣ್ಣು ಕುಟ್ಟುತ್ತಿದ್ದಳು.

ಕೆಮ್ಮು ಹಿಡಿದು ಹಾಸಿಗೆ ಸೇರಿದ ಮೇಲೆ ಆ ನಗು ಹೋಯಿತು. ಊರಿಗೆಲ್ಲಾ ಬಾಯಿಪಾಠವಾಗಿದ್ದ ಅವಳ ಹಳೆಯದೊಂದು ನಾತ್ ಇತ್ತು. ಅಬ್ಬನನ್ನು ಕರೆದು ಕೇಳಿದಳು: "ಈ ಮೀಲಾದಿಗೆ ಅದನ್ನೇ ಹಾಡಿ. ಕೊನೇಲಿ ಒಂದೇ ಒಂದ್ಸಲ ನನ್ನ ಹೆಸರು ಹೇಳ್ಬುಡಿ."

"ಯಾರು ಕಟ್ಟಿದ್ದು ಅಂತ ಅಲ್ಲಾಗೆ ಗೊತ್ತಿಲ್ವಾ?"

"ಅಲ್ಲಾಗೆ ಗೊತ್ತು. ಊರಿಗೆ ಗೊತ್ತಿಲ್ವಲ್ಲ."

ಅಬ್ಬ ಅವಳ ಕೈ ಹಿಡಿದು ಆಗಲಿ ಎಂದರು. ಮೀಲಾದ್ ತಿಂಗಳಿಗೆ ಮುಂಚೆಯೇ ಅಮ್ಮ ಹೋಗಿಬಿಟ್ಟಳು.

ಅದು ಯುದ್ಧದ ವರ್ಷ. ಸೀಮೆಎಣ್ಣೆಗೆ ತತ್ವಾರವಾಗಿ ಮಜ್ಲಿಸನ್ನು ಹಗಲಲ್ಲೇ ಮುಗಿಸುತ್ತಿದ್ದರು. ಪರದೆಯ ಹಿಂದೆ ಹೆಂಗಸರ ನಡುವೆ ಕೂತು ನಾನು ಸಂದಿಯಿಂದ ನೋಡುತ್ತಿದ್ದೆ. ಅಬ್ಬ ಅದೇ ನಾತ್ ಎತ್ತಿಕೊಂಡರು. ಅಷ್ಟು ಚೆನ್ನಾಗಿ ಅವರು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಕೊನೆಯ ಸಾಲಿಗೆ ಬಂದರು. ಹೆಸರಿನ ಜಾಗಕ್ಕೆ ಬಂದು ನಿಂತರು. ತಮ್ಮ ಹೆಸರು ಹೇಳಲು ಮನಸ್ಸು ಬಾರದು, ಅವಳ ಹೆಸರು ಹೇಳಲು ಧೈರ್ಯ ಸಾಲದು. ನನಗೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ.

ಪಾಪ, ಹೆಂಡತಿ ಸತ್ತ ದುಃಖಕ್ಕೆ ಗಂಟಲು ಕಟ್ಟಿತೆಂದುಕೊಂಡರೋ ಏನೋ, ಮುಂದೆ ಕೂತಿದ್ದ ಹಿರಿಯರೊಬ್ಬರು ನೆರವಾಗಲೆಂದು ಸಾಲು ಎತ್ತಿಕೊಂಡು ಅಬ್ಬನ ಹೆಸರು ಸೇರಿಸಿದರು. ಹಾಡು ಎಲ್ಲರಿಗೂ ಬರುತ್ತಿತ್ತಲ್ಲ, ಇಡೀ ಮಜ್ಲಿಸು ಪ್ರೀತಿಯಿಂದ ದನಿಗೂಡಿಸಿತು. ಅಬ್ಬ ಮುಖ ಮುಚ್ಚಿಕೊಂಡರು.

ಪರದೆಯ ಹಿಂದೆ ನಾನು ಅದೇ ಜಾಗದಲ್ಲಿ ಅಮ್ಮನ ಹೆಸರು ಹಾಡಿದೆ. ಅಷ್ಟು ಗಂಡಸರ ದನಿಯಲ್ಲಿ ಅದು ನನ್ನ ಕಿವಿಗೇ ಬೀಳಲಿಲ್ಲ.