ಪಕ್ಕದ ಶೆಡ್ಡಿಗೆ ಕೊಡಬಾರದ ಪುಲ್ಲರ್

ಬೆಳಗ್ಗೆ ಕಂಪನಿಯ ಬಿಡಿಭಾಗಗಳ ಪೆಟ್ಟಿಗೆ ಒಡೆದೆ. ಎಣ್ಣೆ ಸವರಿದ ಕಾಗದದ ವಾಸನೆ ಗಮ್ಮೆಂದು ಮೂಗಿಗೆ ಬಡಿಯಿತು. ನಿಮಗಾದರೆ ಹೊಸ ಸಾಮಾನಿನ ವಾಸನೆ ಹಿತವೆನಿಸೀತು. ನಾನು ಈಗೀಗ ಮುಖ ಆಚೆ ತಿರುಗಿಸಿಕೊಂಡೇ ಪೆಟ್ಟಿಗೆ ಬಿಚ್ಚುತ್ತೇನೆ.

ಈ ವಾಸನೆ ವಿಜಯವಾಡದಲ್ಲಿ ಲಾರಿ ರಿಪೇರಿ ನಡೆಯುವ ನಮ್ಮ ಆಟೋನಗರ್‌ಗೆ ಬಂದು ಎರಡು ವರ್ಷವಾಯಿತು. ಯಾವ ದೇಶದ ಕಂಪನಿಯೋ, ಸರಿಯಾಗಿ ಹೇಳುವವರಿಲ್ಲ. ಸಾಮಾನು ವಿಶಾಖಪಟ್ಟಣದ ಬಂದರಿನಲ್ಲಿ ಇಳಿಯುತ್ತದೆ, ಅಷ್ಟು ಗೊತ್ತು. ಮೊದಲು ನಮ್ಮ ಗಲ್ಲಿಗೆ ಸಿಮೆಂಟು ಹಾಕಿಸಿದರು, ಆಮೇಲೆ ಕುಡಿಯುವ ನೀರಿನ ಯಂತ್ರ ತಂದರು. ಮಳೆಗಾಲದಲ್ಲಿ ಕೆಸರಲ್ಲೇ ಮಲಗಿ ಲಾರಿ ಬಿಚ್ಚಿದವನು ನಾನು; ಬೇಡವೆನ್ನಲು ಬಾಯಿ ಬರುತ್ತದೆಯೇ? ಕೊನೆಗೆ ಬಾಡಿಗೆ ಶೆಡ್ಡುಗಳ ಸಾಲನ್ನೇ ಮಾಲೀಕನಿಂದ ಕೊಂಡರು. ನನ್ನ ಶೆಡ್ಡೂ ಅದರಲ್ಲಿ ಹೋಯಿತು. ಈಗ ಗಣೇಶನ ಪೆಂಡಾಲಿಗೆ ಯಾವ ಬಣ್ಣದ ಬಟ್ಟೆ ಎಂಬುದನ್ನೂ ನಮ್ಮವರು ಕಂಪನಿಯನ್ನು ಕೇಳಿ ಬರುತ್ತಾರೆ.

ಪಕ್ಕದ ಸತ್ತಿಬಾಬುವಿನ ಶೆಡ್ಡು ಅವನ ಸ್ವಂತದ್ದು. ಅವನ ಹೆಂಡತಿ ನನ್ನ ಊರಿನವಳು, ಸಿರುಗುಪ್ಪದವಳು. ಹಾಗಾಗಿ ನಾನು ಅವನಿಗೆ ಬಾಮ್ಮರ್ದಿ, ಅಂದರೆ ಬಾಮೈದ. ಅವನು ನನಗೆ ಬಾವ; ಕನ್ನಡವೂ ಅವನಿಗೆ ಅವಳಿಂದಲೇ ಬಂದದ್ದು. ನಡುವೆ ಎದೆಮಟ್ಟದ ತಗಡಿನ ಗೋಡೆ. ಯಾವ ಲಾರಿ ಮೇಸ್ತ್ರಿಯ ಬಳಿಯೂ ಎಲ್ಲ ಸಲಕರಣೆ ಇರುವುದಿಲ್ಲ. ತಗಡಿಗೆ ಎರಡು ಪೆಟ್ಟು ಹೊಡೆದರೆ ಬೇಕಾದ್ದು ಆ ಕಡೆಯಿಂದ ಬರುತ್ತದೆ. ಇಪ್ಪತ್ತು ವರ್ಷ ಹೀಗೇ ನಡೆದಿದೆ.

ಕಂಪನಿಯ ಜೊತೆ ಕೆಲಸ ಮಾಡುವ ಕರಾರಿಗೆ ಸೈನ್ ಹಾಕಿಸಲು ಗಲ್ಲಿಯ ಮೇಸ್ತ್ರಿಗಳನ್ನೆಲ್ಲ ಬಸ್ಸಿನಲ್ಲಿ ವಿಶಾಖಪಟ್ಟಣದ ಋಷಿಕೊಂಡಕ್ಕೆ ಕರೆದೊಯ್ದರು. ಗುಡ್ಡದ ಮೇಲೆ ಗಾಜಿನ ಆಫೀಸು, ಕೆಳಗೆ ಸಮುದ್ರ. "ಓದಿ ಸೈನ್ ಮಾಡಿ ಸರ್" ಎಂದಳು ಅಲ್ಲಿನ ಹುಡುಗಿ. ಲಾರಿಯ ಸದ್ದು ಕೇಳಿ ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲೆ, ಆದರೆ ಶಾಲೆ ಏಳನೇ ಕ್ಲಾಸಿಗೇ ಬಿಟ್ಟವನು. ಸರ್ ಅಂದಳಲ್ಲ! ಕನ್ನಡಕ ಏರಿಸಿ, ಓದುವವನ ಹಾಗೇ ನಿಧಾನವಾಗಿ ಹಾಳೆ ತಿರುವಿದೆ. ಒಂದೆಡೆ ಹುಬ್ಬನ್ನೂ ಗಂಟಿಕ್ಕಿದೆ. ಸೈನ್ ಹಾಕಿದೆ.

ಪಕ್ಕದಲ್ಲಿ ಸತ್ತಿಬಾಬು, "ನಾಕು ಇಂಗ್ಲಿಷ್ ರಾದು, ನುವ್ವೇ ಚದುವು ತಲ್ಲೀ" ಎಂದು ಹುಡುಗಿಗೇ ಓದಲು ಹೇಳಿ, ತನಗೆ ಓದಲು ಬಾರದ್ದನ್ನು ಇಡೀ ಆಫೀಸಿಗೆ ಸಾರಿದ. ನನಗೇ ನಾಚಿಕೆಯಾಗಿ ಕಿಟಕಿಯ ಬಳಿ ಹೋಗಿ ಹಡಗು ನೋಡುತ್ತ ನಿಂತೆ. ಅವರ ಸಾಮಾನು ಬಿಟ್ಟು ಬೇರೆ ಹಾಕುವಂತಿಲ್ಲ ಎಂದು ಅವಳು ಎರಡನೇ ಪುಟ ಓದಿದ್ದೇ ಅವನು ಸೈನ್ ಹಾಕದೆ ಎದ್ದುಬಂದ.

"ನೀನು ಓದ್ಕಂಡು ಹಾಕಿದೋನು ಬಿಡು ಬಾಮ್ಮರ್ದಿ" ಎಂದ ಬಸ್ಸಿನಲ್ಲಿ. "ನಿನ್ ತಲೆ ನಂಗೆಲ್ಲಿ ಬರಬೇಕು!"

ಮೊನ್ನೆ ಕಂಪನಿಯ ತಪಾಸಣೆಯವನು ಬಂದಿದ್ದ. ಅವರು ನನಗೆ ಕೊಟ್ಟ ಪುಲ್ಲರ್, ಬೇರಿಂಗ್ ಕೀಳುವ ಸಾಧನ, ಸತ್ತಿಬಾಬುವಿನ ಶೆಡ್ಡಿನಲ್ಲಿ ಅವನ ಕಣ್ಣಿಗೆ ಬಿತ್ತು.

"ಹೊರಗೆ ಕೊಡಬಾರದು ಅಂತ ಎಂಟನೇ ಪುಟದಲ್ಲಿದೆ. ಓದೇ ಸೈನ್ ಮಾಡಿದ್ದೀರಿ ಸರ್. ಇನ್ನೊಂದ್ಸಲ ಕಂಡ್ರೆ ಶೆಡ್ಡು ಖಾಲಿ ಮಾಡಬೇಕಾಗುತ್ತೆ."

ಅವನೂ ಸರ್ ಅಂದ.

ಇವತ್ತು ಪೆಟ್ಟಿಗೆಯ ಮುಂದೆ ಕೂತಿರುವಾಗಲೇ ತಗಡಿಗೆ ಎರಡು ಪೆಟ್ಟು ಬಿದ್ದವು.

"ಬಾಮ್ಮರ್ದೀ, ಪುಲ್ಲರ್ ಕೊಡಪ್ಪ. ಲಾರಿ ಜಾಕಿ ಮ್ಯಾಲೈತಿ."

ಪೆಟ್ಟಿಗೆಯ ಮುಚ್ಚಳ ಮುಚ್ಚಿದೆ.

"ಏಮಯ್ಯಾ, ಉಲುಕೂ ಇಲ್ಲ ಪಲುಕೂ ಇಲ್ಲ, ಮಾತೇ ಆಡವಲ್ಲಿ! ಕಂಪನಿ ಅಳಿಯ ಆಗ್ಬಿಟ್ಯಾ?"

"ಕೊಡಾಕಾಗಲ್ಲ ಬಾವ. ಕೊಟ್ರೆ ಶೆಡ್ಡು ಹೋಗ್ತೈತಿ. ಹಂಗಂತ ಬರ್ದಾರ."

"ಅದನ್ನ ಓದಿನೂ ಹೆಂಗ್ ಸೈನ್ ಹಾಕ್ದಿ?"

"ಓದಿಲ್ಲ" ಎಂದೆ. "ನಂಗೂ ಬರಲ್ಲ."

ನಗುತ್ತಾನೆಂದು ಕಾದೆ. ನಗಲಿಲ್ಲ.

"ಆ ಕಾಗದ ಇತ್ತ ತಾ" ಎಂದ. "ನಮ್ ಸೊಸೆಗೆ ಇಂಗ್ಲಿಷ್ ಬರ್ತೈತಿ, ಓದ್ತಾಳೆ. ಇನ್ನೂ ಏನೇನೈತೋ ನೋಡಾನ."

ಕಪಾಟಿನಿಂದ ಕರಾರು ತೆಗೆದೆ. ಇದನ್ನು ಹೊರಗಿನವರಿಗೆ ತೋರಿಸಬಾರದೆಂದೂ ಯಾವುದೋ ಪುಟದಲ್ಲಿ ಇದ್ದೀತು. ತಗಡಿನ ಮೇಲಿಂದ ಅವನ ಕೈಗೆ ಕೊಟ್ಟೆ.