ಹಳ್ಳದ ಫೋಟೋದ ಬಲಮೂಲೆ

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಎರಡೆಕರೆ ಕಾಫಿ ಇಟ್ಟುಕೊಂಡಿದ್ದ ಅಪ್ಪನಿಗೆ ನನ್ನನ್ನು ಚಿಕ್ಕಮಗಳೂರಿನಲ್ಲಿಟ್ಟು ಓದಿಸುವುದು ಆಗುವ ಮಾತಾಗಿರಲಿಲ್ಲ. ನಮ್ಮ ಪಕ್ಕದ ಎಸ್ಟೇಟಿನ ಸಾವ್ಕಾರ್ರು ಪೇಟೆಯ ತಮ್ಮ ಮನೆಯ ಹಿಂಬದಿಯ ಕೋಣೆ ಬಿಟ್ಟುಕೊಟ್ಟರು. ಮೂರು ವರ್ಷ ಅವರ ಅಡುಗೆಮನೆಯಲ್ಲೇ ಉಂಡೆ. ಬಿ.ಎಸ್ಸಿ. ಪಾಸಾಗಿ ಸಿಹಿ ಹಿಡಿದು ಹೋದ ದಿನ ಅವರು ತಮ್ಮ ಹಳೆಯ ಕ್ಯಾಮೆರಾವನ್ನು ಚರ್ಮದ ಚೀಲದ ಸಮೇತ ನನ್ನ ಕೈಗಿಟ್ಟು, "ಪುಸ್ತಕ ಬಿಟ್ಟು ಬೇರೆ ಏನಾದ್ರೂ ನೋಡೋದು ಕಲಿ ಇನ್ನು" ಅಂದರು.

ಕಲಿತೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ಮೂಡಿಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಭಾನುವಾರ ಬಂತೆಂದರೆ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದೆ. ಕಳಸದ ಹತ್ತಿರ ಭದ್ರೆಯ ದಡ, ಹೊರನಾಡು ರಸ್ತೆಯ ಬದಿಯ ಸಣ್ಣಪುಟ್ಟ ಫಾಲ್ಸುಗಳು, ದೇವರಮನೆಯ ಹುಲ್ಲುಗುಡ್ಡ. ರೋಲಿನಲ್ಲಿ ಮೂವತ್ತಾರು ಫೋಟೋ. ಮಂಜು ಸರಿಯಲೆಂದು ಎರಡು ಗಂಟೆ ಕೂತು, ಅದು ಸರಿಯದೆ, ಒಂದನ್ನೂ ತೆಗೆಯದೆ ವಾಪಸ್ ಬಂದ ದಿನಗಳೇ ಹೆಚ್ಚು.

ಜೊತೆಗೆ ಒಮ್ಮೊಮ್ಮೆ ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಗೆಳೆಯ ಬರುತ್ತಿದ್ದ. ನನ್ನ ರೋಲುಗಳನ್ನು ತೊಳೆದು ಪ್ರಿಂಟು ಹಾಕುತ್ತಿದ್ದವನೂ ಅವನೇ.

"ಮನುಷ್ಯರೇ ಇಲ್ಲದ ಫೋಟೋಗೆ ಫ್ರೇಮ್ ಹಾಕ್ಸೋನು ಈ ತಾಲ್ಲೂಕಿಗೆ ನೀನೊಬ್ಬನೇ ಮಾರಾಯ. ಆ ಫಾಲ್ಸ್ ಮುಂದೆ ಒಂದು ಮದುವೆ ಹುಡುಗೀನಾದ್ರೂ ನಿಲ್ಸು."

"ಜಿಗಣೆ ಕಚ್ಚಿಸ್ಕೊಂಡು ನಗೋ ಮದುವೆ ಹುಡುಗಿ ಎಲ್ಲಿದಾಳೆ ಹೇಳು, ನಿಲ್ಸೋಣ."

ಒಂದು ಜನವರಿಯ ಬೆಳಿಗ್ಗೆ ಇಬ್ಬರೂ ಸಾವ್ಕಾರ್ರ ಎಸ್ಟೇಟಿನ ಕೆಳಗಿನ ಹಳ್ಳಕ್ಕೆ ಹೋದೆವು. ಅಲ್ಲಿ ಆಳೆತ್ತರದಿಂದ ನೀರು ಬೀಳುವ ಒಂದು ಜಾಗವಿದೆ, ಕೆಳಗೆ ದುಂಡನೆಯ ಮಡು. ಆ ದಿನ ನೀರು ಕಡುಚಹಾದ ಬಣ್ಣಕ್ಕೆ ತಿರುಗಿತ್ತು. ಮಡುವಿನ ಮೇಲೆ ದಪ್ಪ ಬಿಳಿ ನೊರೆ ನಿಧಾನಕ್ಕೆ ಸುತ್ತುತ್ತಿತ್ತು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ನಾಲ್ಕು ಸೆಕೆಂಡು ಶಟರ್ ತೆರೆದಿಟ್ಟರೆ ಆ ನೊರೆ ರಂಗೋಲಿಯಂತೆ ಸುರುಳಿಯಾಗಿ ಮೂಡುತ್ತದೆಂದು ನನಗೆ ಗೊತ್ತಿತ್ತು. ಮರಗಳ ಸಂದಿಯಿಂದ ಬಿಸಿಲು ಬಿದ್ದಾಗ ನೀರು ಹಳೆಯ ಹಿತ್ತಾಳೆಯ ಹಾಗೆ ಹೊಳೆಯಿತು. ಏಳು ಫೋಟೋ ತೆಗೆದೆ.

ಮೂಗಿಗೆ ವಾಸನೆ ಹೊಡೆಯುತ್ತಲೇ ಇತ್ತು. ಹಣ್ಣು ಕಾಫಿಯನ್ನು ಪಲ್ಪರಿಗೆ ಹಾಕಿ ಸಿಪ್ಪೆ ಸುಲಿದು ತೊಳೆದ ನೀರಿನ ಹುಳಿ ವಾಸನೆ. ಹೊರಗಿನವರಾಗಿದ್ದರೆ ಮೂಗು ಮುಚ್ಚಿಕೊಂಡು ಇದೇನೆಂದು ಕೇಳುತ್ತಿದ್ದರು. ನಾನು ಅದೇ ವಾಸನೆಯಲ್ಲಿ ಬೆಳೆದವನು. ನಮ್ಮ ಪಾಲಿಗೆ ಅದು ಕೊಯ್ಲಿನ ವಾಸನೆ, ಅಪ್ಪನ ಮುಖ ವರ್ಷಕ್ಕೊಮ್ಮೆ ಸಡಿಲವಾಗುವ ಕಾಲದ ವಾಸನೆ. ಅದು ಬಂದರೆ ಮನಸ್ಸಿಗೆ ಹಿತವಾಗುತ್ತಿತ್ತು. ವಿಜ್ಞಾನ ಓದಿದವನು, ನೊರೆ ಯಾಕೆ ಎದ್ದಿದೆ ಎಂದು ಯೋಚಿಸಲೇ ಇಲ್ಲ.

ಪ್ರಿಂಟು ಹಾಕುವಾಗ ಗೆಳೆಯ, "ಬಲಮೂಲೆ ತೆಗೀಲಾ? ಸೀನರಿ ಕೆಡ್ತದೆ" ಎಂದ. ಬಲಮೂಲೆಯಲ್ಲಿ ಸಾವ್ಕಾರ್ರ ಪಲ್ಪರ್ ಮನೆಯ ತಗಡಿನ ಮಾಡಿತ್ತು. ಅದರ ಗೋಡೆಯಿಂದ ಹೊರಟ ಸಿಮೆಂಟ್ ಪೈಪು ಹಳ್ಳಕ್ಕೆ ಬಾಯಿ ತೆರೆದಿತ್ತು. "ತೆಗಿ" ಅಂದೆ. ಫೋಟೋ ತುಂಬ ಚೆನ್ನಾಗಿ ಬಂತು. ಒಂದು ಪ್ರದರ್ಶನದಲ್ಲಿ ಬಹುಮಾನವೂ ಸಿಕ್ಕಿತು. ನಮ್ಮ ಮನೆಯ ಜಗುಲಿಯಲ್ಲಿ ಡಿಗ್ರಿ ಸರ್ಟಿಫಿಕೇಟಿನ ಪಕ್ಕದಲ್ಲೇ ಅದನ್ನು ತೂಗುಹಾಕಿದೆ.

ಮಳೆಗಾಲ ಕಾಲಿಡುವ ಹೊತ್ತಿಗೆ ಚಿಕ್ಕಮ್ಮ ಬಂದಳು. ಅಮ್ಮನ ತಂಗಿ. ಅವಳ ಗಂಡನ ಮನೆ ಅದೇ ಹಳ್ಳದ ಕೆಳಗೆ, ಮೈಲಿ ದೂರದಲ್ಲಿ. ಹತ್ತು ಮನೆಗಳ ಕೇರಿ. ಅವಳು ಜಗುಲಿಯಲ್ಲಿ ಕೊಡೆ ಮಡಚುತ್ತಾ ಫೋಟೋ ನೋಡಿ ಹಾಗೇ ನಿಂತಳು.

"ಇದು ನಮ್ಮ ಹಳ್ಳ ಅಲ್ವಾ?"

"ಹೂಂ ಚಿಕ್ಕಮ್ಮ. ಬಹುಮಾನ ಬಂತು ಇದಕ್ಕೆ."

"ಈ ನೊರೆ ಬಂದ್ರೆ ನಮಗೆ ಎರಡು ತಿಂಗಳು ನೀರಿಲ್ಲ ಮಗ. ದನಾನೂ ಮೂಸಿ ನೋಡಿ ಮುಖ ತಿರುಗಿಸ್ತವೆ. ಗುಡ್ಡದ ಒರತೆಯಿಂದ ಹೊತ್ಕೊಂಡು ಬರ್ತೀವಿ. ಅದೂ ಬತ್ತಿದ್ರೆ ಇದನ್ನೇ ಸೋಸಿ ಕಾಯಿಸಿ ಕುಡಿಯೋದು. ಹೋದ ಕೊಯ್ಲಲ್ಲಿ ನಮ್ಮ ಕೇರೀಲಿ ಹೊಟ್ಟೆ ಕೆಡದೆ ಇರೋ ಮಕ್ಕಳೇ ಇರ್ಲಿಲ್ಲ."

ಕೇರಿಯವರು ತಾಲ್ಲೂಕು ಆಫೀಸಿಗೆ ಅರ್ಜಿ ಕೊಟ್ಟಿದ್ದರಂತೆ. ಆ ಹೊಲಸು ನೀರು ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಸಾಕ್ಷಿ ತನ್ನಿ ಎಂದು ಆಫೀಸಿನವರು ವಾಪಸ್ ಕಳಿಸಿದ್ದರು. ಕೊಯ್ಲಿನ ಕಾಲಕ್ಕೆ ಬಂದು ನೋಡಿ ಎಂದರೆ ಯಾರೂ ಬಂದಿರಲಿಲ್ಲ. ಓದಿದವನ ಸಹಿ ಇದ್ದರೆ ಆಫೀಸಿನವರು ಕೇಳಿಯಾರೆಂದೇ ಚಿಕ್ಕಮ್ಮ ನನ್ನ ಹತ್ತಿರ ಬಂದಿದ್ದಳು.

"ನಿನ್ನತ್ರ ಪೈಪು ಕಾಣೋ ಹಾಗೆ ಇದೆಯೇನೋ?"

ಇದೆ ಅಂದೆ. ಪೂರ್ತಿ ಪ್ರಿಂಟು ಹಾಕಿಸಿ ಕೊಡುತ್ತೇನೆ ಅಂದೆ. ಅಷ್ಟು ಹೊತ್ತು ನಾನು ಸರಿಯಾಗಿಯೇ ಇದ್ದೆ.

ಆಮೇಲೆ ಅನ್ನಿಸಿತು, ಸಾವ್ಕಾರ್ರಿಗೆ ಒಂದು ಮಾತು ಹೇಳದೆ ಕೊಟ್ಟರೆ ಉಂಡ ಮನೆಗೆ ಎರಡು ಬಗೆದಂತಾಗುವುದಿಲ್ಲವೇ? ನಮ್ಮ ಕಡೆಯವರ ಬುದ್ಧಿಯೇ ಇದು. ಯಾರ ಮೇಲೆ ದೂರು ಕೊಡಬೇಕೋ ಅವರ ಜಗುಲಿಗೇ ಹೋಗಿ ಮೊದಲು ಹೇಳಿ ಬರುವುದು. ಮರುಭಾನುವಾರ ಎಸ್ಟೇಟಿಗೆ ಹೋದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ.

"ಗುಂಡಿ ತೋಡ್ಸಿ ಆ ನೀರು ಇಂಗಿಸ್ಬೇಕು ಅಂತ ನಾನೂ ಅಂದ್ಕೊಂಡಿದೀನಪ್ಪ. ಕೊಯ್ಲಲ್ಲಿ ಆಳು ಸಿಗಲ್ಲ. ಮುಂದಿನ ವರ್ಷ ನೋಡೋಣ. ಫೋಟೋ ಕೊಡೋದು ಬಿಡೋದು ನಿನಗೆ ಬಿಟ್ಟಿದ್ದು. ಬಂದು ಹೇಳಿದ್ಯಲ್ಲ, ನಮ್ಮನೇಲಿ ಬೆಳೆದ ಹುಡುಗ ಅನ್ನೋದು ಅದಕ್ಕೇ."

ಆಮೇಲೆ ಒಳಕ್ಕೆ ಕೂಗಿ ಹೇಳಿದರು: "ಇವನಿಗೂ ಎಲೆ ಹಾಕಿ, ಕಡುಬು ಬಿಸಿ ಇದೆಯಲ್ಲ."

ಕೊಡಬೇಡ ಅಂದಿದ್ದರೆ ನಾನು ಖಂಡಿತ ಕೊಡುತ್ತಿದ್ದೆ. ಹಾಗನ್ನಲಿಲ್ಲ ಅವರು. ನಾನು ಕೂತು ಉಂಡೆ. ಎರಡನೇ ಸಲ ಹಾಕಿದಾಗಲೂ ಬೇಡ ಅನ್ನಲಿಲ್ಲ.

ಹದಿನೈದು ದಿನ ಬಿಟ್ಟು ಚಿಕ್ಕಮ್ಮನ ಮನೆಗೆ ಹೋಗಿ, "ನೆಗೆಟಿವ್‌ಗೆ ಫಂಗಸ್ ಹಿಡಿದುಬಿಟ್ಟಿದೆ ಚಿಕ್ಕಮ್ಮ, ಏನೂ ಕಾಣಲ್ಲ" ಅಂದೆ. ಮಲೆನಾಡಿನ ಜುಲೈನಲ್ಲಿ ಈ ಸುಳ್ಳನ್ನು ಯಾರೂ ಅನುಮಾನಿಸುವುದಿಲ್ಲ. ಬೆಲ್ಟು, ಚಪ್ಪಲಿ, ಪುಸ್ತಕದ ರಟ್ಟು, ಎಲ್ಲಕ್ಕೂ ಬೂಷ್ಟು ಹಿಡಿಯುವ ಕಾಲ ಅದು. ಅವಳು ನನ್ನ ಬೆನ್ನು ಸವರಿ, "ಅಯ್ಯೋ, ಎಷ್ಟು ಕಷ್ಟಪಟ್ಟು ತೆಗೆದಿದ್ಯೋ ಏನೋ. ಬೇಜಾರು ಮಾಡ್ಕೋಬೇಡ" ಅಂದಳು. ಮನೆಗೆ ಬಂದವನೇ ಗೋಡೆಯ ಫೋಟೋ ಇಳಿಸಿ ಅಟ್ಟಕ್ಕೆ ಹಾಕಿದೆ. ನೆಗೆಟಿವ್ ಮಾತ್ರ ಬೀರುವಿನಲ್ಲಿ, ಕವರಿನೊಳಗೆ ಸ್ವಚ್ಛವಾಗಿಯೇ ಇತ್ತು.

ಆ ಮಳೆಗಾಲದಲ್ಲೇ ಆಫೀಸಿನವರು ಬಂದರು. ಹಳ್ಳ ತುಂಬಿ ಹರಿಯುತ್ತಿತ್ತು. ನೀರು ತಿಳಿಯಾಗಿದೆ ಎಂದು ಬರೆದುಕೊಂಡು ಹೋದರು.

ಮುಂದಿನ ಕೊಯ್ಲಿನಲ್ಲೂ ಗುಂಡಿ ಬರಲಿಲ್ಲ, ನೊರೆ ಬಂತು. ಒರತೆ ಜನವರಿಗೇ ಬತ್ತಿತು. ಚಿಕ್ಕಮ್ಮ ಹೇಳಿಕಳಿಸಿದಳು: "ಕ್ಯಾಮೆರಾ ತಗೊಂಡು ಬಾ. ಇನ್ನೊಂದು ಸಲ ತೆಗಿ." ಅವಳ ಕಿರಿಯ ಮೊಮ್ಮಗಳನ್ನು ಆ ವಾರವಷ್ಟೇ ಆಸ್ಪತ್ರೆಗೆ ಸೇರಿಸಿ, ಡ್ರಿಪ್ ಹಾಕಿಸಿ ಕರೆತಂದಿದ್ದರು. ಜಗುಲಿಯಲ್ಲಿ ಮಲಗಿದ್ದ ಆ ಮಗುವಿನ ತುಟಿ ಒಡೆದಿತ್ತು.

ಹೋದೆ. ಕೇರಿಯ ಐದಾರು ಜನ ಜೊತೆಗೆ ಬಂದರು. ಬಿಸಿಲಿಗೆ ಕಾಯಲಿಲ್ಲ. ಪೈಪು, ಮಡು, ಖಾಲಿ ಕೊಡ ಹಿಡಿದು ನಿಂತ ಹೆಂಗಸರು. ಯಾವುದನ್ನೂ ಬಿಡದೆ ತೆಗೆದೆ. ವಾಪಸ್ ಬರುತ್ತಾ ಚಿಕ್ಕಮ್ಮ ಸುಮ್ಮನೆ ಹೇಳಿಕೊಂಡಂತೆ ಹೇಳಿದಳು: "ಇದೊಂದೇ ವರ್ಷ ಹೀಗಾಯ್ತು ಅಂತಾರೆ ನೋಡು. ಹೋದ ವರ್ಷದ್ದೂ ಇದ್ದಿದ್ರೆ ಬಾಯಿ ಮುಚ್ಚಿಸ್ಬಹುದಿತ್ತು."

ಅಲ್ಲೇ ದಾರಿಯಲ್ಲಿ, ಎಲ್ಲರ ಎದುರು, "ಇದೆ ಚಿಕ್ಕಮ್ಮ. ಹಾಳಾಗಿಲ್ಲ. ನಾನೇ ಸುಳ್ಳು ಹೇಳಿದೆ" ಅಂದುಬಿಟ್ಟೆ.

ಚಿಕ್ಕಮ್ಮ ಕೊಡವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಮುಂದೆ ನಡೆದಳು.

ಎರಡೂ ವರ್ಷದ ಪ್ರಿಂಟು ಹಾಕಿಸಿಕೊಂಡು ಮುಂದಿನ ಭಾನುವಾರ ಹೋದೆ. ಜಗುಲಿಯಲ್ಲಿ ಅರ್ಜಿ ಬರೆದಿಟ್ಟಿದ್ದರು. ಹೋದ ವರ್ಷದ ಫೋಟೋದ ಬೆನ್ನಿಗೆ ತಾರೀಕು ಬರೆದು, ಇದನ್ನು ನಾನೇ ತೆಗೆದದ್ದು ಎಂದು ಸೇರಿಸಿ, ಸಹಿ ಹಾಕಿದೆ. ಓದಿದ ಯಾರಿಗಾದರೂ ಗೊತ್ತಾಗುತ್ತದೆ: ಈ ಮನುಷ್ಯನ ಹತ್ತಿರ ಇದು ಒಂದು ವರ್ಷ ಇತ್ತು. ನಾನು ಸಹಿ ಹಾಕಿದರೆ ಪಕ್ಕದಲ್ಲಿ ಬಿ.ಎಸ್ಸಿ., ಬಿ.ಎಡ್. ಎಂದು ಬರೆಯದೆ ಬಿಡುವವನಲ್ಲ. ಆ ದಿನ ಬಿಟ್ಟೆ.

ಚಿಕ್ಕಮ್ಮನಿಗೆ ಓದಲು ಬರುತ್ತಿರಲಿಲ್ಲ, ಆದರೆ ನನ್ನ ಸಹಿ ಎಷ್ಟುದ್ದ ಇರುತ್ತದೆಂದು ಗೊತ್ತಿತ್ತು. ಅವಳು ಫೋಟೋವನ್ನು ನನ್ನ ಕಡೆಗೇ ತಿರುಗಿಸಿ ನೂಕಿದಳು.

"ಡಿಗ್ರಿನೂ ಬರಿ" ಅಂದಳು. "ಅದಕ್ಕೋಸ್ಕರನೇ ಹೋದ ವರ್ಷ ನಿನ್ನ ಮನೆ ಬಾಗಿಲಿಗೆ ಬಂದಿದ್ದು."

ಬರೆದೆ.