ಅತ್ತೆಯ ಹೆಸರಿನ ಮಗು

ಅಥವಾ ಆಗ ಬಿಸಿಲೇ ಇರಲಿಲ್ಲವೇನೋ. ಹುಲಿಕುಂಟೆಯ ಆ ಅಂಗಳ ನೆನಪಾದಾಗಲೆಲ್ಲ ಹುಣಸೆ ಎಲೆಗಳ ನಡುವೆ ಸೋಸಿ ಬೀಳುವ ಬೆಳಕು ಕಾಣುತ್ತದೆ. ಆ ಮನೆಯ ಮುಂದೆ ಹುಣಸೆಮರ ಇತ್ತೆಂದು ಮಾತ್ರ ಆಣೆ ಮಾಡಿ ಹೇಳಲಾರೆ. ಬೇರೆ ಯಾವುದೋ ಊರಿನ ಮರವನ್ನು ನಾನೇ ತಂದು ಅಲ್ಲಿ ನೆಟ್ಟಿರಬಹುದು. ಮಗು ನಿಜ. ಮೂರು ವರ್ಷದ ಹುಡುಗಿ, ನೆಲಕ್ಕೆ ಕೆನ್ನೆಯಿಟ್ಟು ಮಲಗಿ, ಬೆಳಕಿನ ಚುಕ್ಕೆಗಳು ಅಲುಗುವುದನ್ನೇ ನೋಡುತ್ತಿದ್ದಳು.

ನಾನು, ನನ್ನ ಗೆಳತಿ ಇಬ್ಬರೂ ಮನಶ್ಶಾಸ್ತ್ರದ ವಿದ್ಯಾರ್ಥಿನಿಯರು. ಪುಟ್ಟ ಮಕ್ಕಳಲ್ಲಿ ಆಟಿಸಂನ ಮೊದಲ ಸುಳಿವುಗಳನ್ನು ಹುಡುಕಿಕೊಂಡು ಶಿರಾ ತಾಲ್ಲೂಕಿನ ಹಳ್ಳಿಗಳನ್ನು ಸುತ್ತುತ್ತಿದ್ದೆವು. ಆ ಮಗುವಿನ ತಾಯಿಗೆ ನಮ್ಮಿಂದ ಬೇಕಾಗಿದ್ದುದು ಒಂದೇ ಉತ್ತರ.

"ಇನ್ನೂ ಮಾತೇ ಆಡ್ತಿಲ್ಲ ಮೇಡಂ. ಒಬ್ರು ಕಿವುಡು ಅಂತಾರೆ, ಒಬ್ರು ಮಂಕು ಅಂತಾರೆ. ಏನೂಂತ ನೀವಾದ್ರೂ ಹೇಳ್ಬುಡಿ."

ಮಗುವಿನ ಹೆಸರೇನೆಂದು ಕೇಳಿದಾಗ ಅವಳು ಬಾಯಿ ಬಿಡದೆ ಆಧಾರ್ ಕಾರ್ಡನ್ನು ಮುಂದೆ ಹಿಡಿದಳು. ನಾವು ಅದನ್ನು ನಾಚಿಕೆ ಅಂದುಕೊಂಡೆವು.

ಹೆಸರು ಕರೆದರೆ ಮಗು ತಿರುಗುತ್ತದೆಯೇ ಎಂದು ನೋಡುವುದು ನಮ್ಮ ಮೊದಲ ಕೆಲಸ. ಗೆಳತಿ ಮಗುವಿನ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಕಾರ್ಡಿನಲ್ಲಿದ್ದ ಹೆಸರು ಹಿಡಿದು ಕರೆದಳು. ಮಗು ಅಲುಗಲಿಲ್ಲ. ಜೋರಾಗಿ ಕರೆದಳು. ತಾಯಿಯ ಮುಖ ಬಾಡಿತು. ಇನ್ನೂ ಜೋರಾಗಿ ಕರೆದಾಗ ಕುರಿ ರೊಪ್ಪದ ಕಡೆಯಿಂದ ಮಗುವಿನ ಅಜ್ಜಿ ಸೊಪ್ಪಿನ ಕಂತೆ ಹಿಡಿದು ಬಂದಳು.

"ಬಂದೆ ಬುಡವ್ವಾ! ಅದ್ಯಾಕೆ ಅಂಗೆ ಕಿರುಚ್ತೀಯ? ನಂಗೇನು ಕಿವಿ ಕೇಳಾಕಿಲ್ವಾ?"

ತಾಯಿ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಮಗುವಿಗೆ ಇಟ್ಟಿದ್ದು ಅಜ್ಜಿಯ ಹೆಸರನ್ನೇ.

"ಅತ್ತೆ ಹೆಸ್ರು ಹಿಡ್ದು ಹೆಂಗೆ ಕರೀಲಿ ಮೇಡಂ? ಮನೇಲಿ ಯಾರೂ ಅಂಗೆ ಕರ್ಯಾಕಿಲ್ಲ. ಪುಟ್ಟಿ ಅಂತೀವಿ."

"ಬೈಯೋವಾಗ ಮನ್ಸಿನಾಗೆ ಕರೀತಾಳೆ ಕಣಮ್ಮ, ನಂಗೊತ್ತು," ಎಂದಳು ಅಜ್ಜಿ.

ನಕ್ಕು ಮುಗಿದ ಮೇಲೆ ತಾಯಿ ಮೆಲ್ಲಗೆ "ಪುಟ್ಟೀ" ಎಂದಳು. ಮಗು ನೀರಿನ ಆಳದಿಂದ ಮೇಲೇಳುವವಳಂತೆ ತಲೆಯೆತ್ತಿ ತಿರುಗಿದಳು. ನನಗೆ ನೆನಪಿರುವುದು ಹೀಗೆ. ಅದೇ ಗಳಿಗೆಯಲ್ಲಿ ಅಜ್ಜಿಯ ಹಿಂದೆಯೇ ಬಂದ ಕುರಿಮರಿಯ ಕೊರಳ ಗಂಟೆ ಅಲುಗಿತು ಎನ್ನುತ್ತಾಳೆ ಗೆಳತಿ. ನನ್ನ ನೆನಪಿನಲ್ಲಿ ಗಂಟೆಯಿಲ್ಲ. ಅವಳ ನೆನಪಿನಲ್ಲಿ ಮರವಿಲ್ಲ.

"ತಿರುಗಿದ್ಲು ಅಲ್ವಾ? ನೀವೂ ನೋಡಿದ್ರಲ್ವಾ?" ತಾಯಿ ನಮ್ಮಿಬ್ಬರ ಮುಖವನ್ನೂ ನೋಡಿದಳು.

ನೋಡಿದೆವು ಎಂದೆವು. ಒಂದು ಸಲ ತಿರುಗಿದ್ದರಿಂದ ಯಾವುದೂ ತೀರ್ಮಾನವಾಗುವುದಿಲ್ಲ, ತಿರುಗದಿದ್ದರೂ ಅಷ್ಟೇ, ತುಮಕೂರಿನಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ ಎಂದೆವು. ಅವಳು ಆಧಾರ್ ಕಾರ್ಡನ್ನು ತಿರುಗಿಸಿ ನೋಡಿದಳು.

"ಹೋಗ್ತೀವಿ. ಅಲ್ಲೂ ಕಾರ್ಡು ನೋಡ್ಕಂಡೇ ಕರದ್ರೆ?"

"ಪುಟ್ಟಿ ಅಂತ ಕರೀರಿ ಅಂತ ನೀವೇ ಮೊದ್ಲು ಹೇಳ್ಬಿಡಿ," ಎಂದಳು ಗೆಳತಿ.

ನಮ್ಮ ಕೆಲಸ ಪಾವಗಡದ ಕಡೆಗೆ ಸಾಗಿತು. ಆ ಊರಿಗೆ ನಾವು ಮತ್ತೆ ಹೋಗಲಿಲ್ಲ. ಅವರು ತುಮಕೂರಿಗೆ ಹೋದರೋ ಇಲ್ಲವೋ, ಅಲ್ಲಿ ಮಗುವನ್ನು ಯಾವ ಹೆಸರಿನಿಂದ ಕರೆದರೋ ಗೊತ್ತಿಲ್ಲ. ಅಂದು ಅವಳು ತಿರುಗಿದ್ದು ತಾಯಿಯ ದನಿಗೋ ಗಂಟೆಗೋ, ಅದೂ ನನಗೆ ಗೊತ್ತಿಲ್ಲ.